ಎಸರು ಬಿಟ್ಟ ಕಾಗದ

ಹಿಟ್ಟಿನ ಡಬ್ಬಿಯ ತಳ ತುಕ್ಕು ತಿಂದು ತೂತಾಗಿತ್ತು. ಇರುವೆ ಹತ್ತಿದವು ಎಂದು ಡಬ್ಬಿ ಎತ್ತಿ ಹೊರಗಿಟ್ಟೆ. ಅದರ ಕೆಳಗೆ ಯಾವಾಗಲೋ ಹಾಸಿದ್ದ ಕಾಗದ ಹಲಗೆಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಎಬ್ಬಿಸಿದರೆ ಹಳೆಯ ಜೋಳದ ಹಿಟ್ಟಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ದಪ್ಪ ದಪ್ಪ ಕನ್ನಡ ಅಕ್ಷರ. ಒಂದು, ಎರಡು, ಮೂರು ಎಂದು ನಂಬರು ಹಾಕಿ ಬರೆದದ್ದು. ಯಾರ ಕೈಬರಹ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಣಿಕೊಂಡದಲ್ಲಿ ಮೂರನೇ ಮಹಡಿಯಲ್ಲಿದ್ದ ಆ ಮೇಡಂ...

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ. ಬರೆದರೆ ಸಾಲು ಇಳಿಜಾರಾಗುತ್ತದೆ. ಇಷ್ಟು ಬರೆಯಲು ಎಷ್ಟು ದಿನ ಹಿಡಿಯಿತೆಂದು ಕೇಳಬೇಡಿ.

ತೆಲುಗು ನಾಡಿನ ದೊಡ್ಡ ಪಟ್ಟಣದ ಅಂಚಿನ ಮಣಿಕೊಂಡದಲ್ಲಿ ಆಗ ಮನೆಗಿಂತ ಬಂಡೆ ಹೆಚ್ಚು. ಬೆಳಗಾದರೆ ಬಂಡೆ ಸಿಡಿಸುವ ಸದ್ದು, ಬಿಸಿಲೇರಿದರೆ ಸಿಮೆಂಟಿನ ಧೂಳು. ಲಿಫ್ಟು ಕೂರಿಸುವ ಮೊದಲೇ ಕಟ್ಟಡದ ತುಂಬ ಕಂಪ್ಯೂಟರಿನವರು ಬಂದು ಸೇರಿರುತ್ತಿದ್ದರು. ಅಂಥ ಕಟ್ಟಡಗಳಿಗೆ ನಾನೂ ಇಟ್ಟಿಗೆ ಹೊತ್ತವಳೇ. ಮೊಣಕಾಲು ಹೋದ ಮೇಲೆ ಅವೇ ಕಟ್ಟಡಗಳಲ್ಲಿ ಒಲೆಯ ಮುಂದೆ ನಿಂತೆ. ರಾಯಚೂರು ಕಡೆಯ ಮುದುಕಿ, ಜೋಳದ ರೊಟ್ಟಿ ಚಲೋ ಬಡಿಯುತ್ತಾಳೆ ಎಂದು ಕೆಲಸ ಸಿಗುತ್ತಿತ್ತು. ನನ್ನ ಕೈಯಲ್ಲಿದ್ದ ವಿದ್ಯೆ ಅದೊಂದೇ. ಮೇಡಂ ಮನೆಗೆ ಮುಂಚೆ ಇನ್ನೊಂದು ಮನೆಯವಳು ಅದನ್ನು ಸುಮ್ಮನೆ ಆಸೆಗೆ ಎಂದು ಕೂತು ಕಲಿತಳು. ಕಲಿತ ಮೇಲೆ ನಾಳೆಯಿಂದ ಬರಬೇಡ ಎಂದಳು. ಆ ಮಾತು ಕಿವಿಯಲ್ಲಿ ಇಟ್ಟುಕೊಂಡೇ ನಾನು ಈ ಮೇಡಂ ಮನೆಗೆ ಹೋದದ್ದು.

ಮೇಡಂ ಕಡಲ ಕಡೆಯವಳು, ಎಂತ ಎಂತ ಎನ್ನುವವಳು. ಮೂವತ್ತರ ಆಸುಪಾಸು, ಒಬ್ಬಳೇ. ಆಫೀಸಿನ ಕೆಲಸ ಒಂದಿತ್ತು. ಅದಲ್ಲದೆ, ಬೆಳಗ್ಗೆ ಆರಕ್ಕೆ ನಾನು ಹೋಗುವಷ್ಟರಲ್ಲಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಇನ್ನೊಂದು ಏನೋ ಬರೆಯುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ.

“ಇದಕ್ಕ ಪಗಾರ ಕೊಡ್ತಾರೇನ್ರಿ?”

“ಇಲ್ಲ ಅಮ್ಮ.”

“ಮತ್ಯಾಕ ಮಾಡ್ತೀರಿ?”

“ಯಾರಾದ್ರೂ ಮಾಡ್ಬೇಕಲ್ಲ.”

ನನಗೆ ಆ ಉತ್ತರ ಹಿಡಿಸಲಿಲ್ಲ. ಪಗಾರವಿಲ್ಲದೆ ದಿನಾ ಸೂರ್ಯ ಹುಟ್ಟುವ ಮೊದಲು ಯಾರು ಏಳುತ್ತಾರೆ? ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

ಆಕೆ ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಬಹಳ ಇವೆಯಂತೆ. ಅದರಲ್ಲಿ ಒಂದು ಪೈಥಾನ್, ಇನ್ನೊಂದು ಬರೀ ಒಂದು ಅಕ್ಷರದ ಹೆಸರಿನ ಆರ್. ಅದರವರಿಗೆ ಇದು ಬಾರದು, ಇದರವರಿಗೆ ಅದು ಬಾರದು. ನಡುವೆ ನಿಂತು ಇದರ ಮಾತು ಅದಕ್ಕೆ, ಅದರ ಲೆಕ್ಕ ಇದಕ್ಕೆ ಮುಟ್ಟಿಸುವ ಒಂದು ಸಾಮಾನನ್ನು ಯಾರೋ ಪುಣ್ಯಾತ್ಮರು ಕಟ್ಟಿ ಪುಕ್ಕಟೆ ಬಿಟ್ಟಿದ್ದರು. ಅದಕ್ಕೆ ಲೈಬ್ರರಿ ಎನ್ನುತ್ತಾರಂತೆ, ಅದರಲ್ಲಿ ಪುಸ್ತಕ ಇರುವುದಿಲ್ಲ. ಕಟ್ಟಿದವರು ಚೆನ್ನಾಗಿ ಕಟ್ಟಿದ್ದಾರೆ. ಹೇಗೆ ಬಳಸಬೇಕೆಂದು ಹೇಳುವ ಪುಟಗಳು ಮಾತ್ರ ಯಾರಿಗೂ ತಿಳಿಯುವ ಹಾಗಿಲ್ಲ. ಹೊಸಬರು ಮೊದಲ ಪುಟದಲ್ಲೇ ಮುಗ್ಗರಿಸಿ ಬಿಟ್ಟು ಹೋಗುತ್ತಾರೆ. ಆ ಪುಟಗಳನ್ನು ಆಕೆ ತಿದ್ದಿ ಬರೆಯುತ್ತಿದ್ದಳು. ಒಂದು ಭಾಷೆ ಸೊನ್ನೆಯಿಂದ ಎಣಿಸುತ್ತದೆ, ಇನ್ನೊಂದು ಒಂದರಿಂದ ಎಣಿಸುತ್ತದೆ, ಅದನ್ನೂ ಬರೆಯಬೇಕು ಎಂದಳು. ಸೊನ್ನೆಯಿಂದ ಎಣಿಸುವವರ ಹತ್ತಿರ ನಾನಾದರೆ ವ್ಯವಹಾರ ಮಾಡುವುದಿಲ್ಲ ಎಂದೆ. ಬಿದ್ದು ಬಿದ್ದು ನಕ್ಕಳು.

ನಗು ನಿಂತ ಮೇಲೆ ಹೇಳಿದಳು, “ನಿಮ್ಮ ರೊಟ್ಟಿಯೂ ಬರೆದುಕೊಳ್ತೇನೆ ಅಮ್ಮ. ಏನೂ ಗೊತ್ತಿಲ್ಲದವರು ಓದಿ ಮಾಡುವ ಹಾಗೆ.”

ನಾಳೆಯಿಂದ ಬರಬೇಡ ಎಂದವಳು ನೆನಪಾದಳು.

ಎದುರು ಮನೆಗೆ ಬರುತ್ತಿದ್ದ ನಮ್ಮೂರ ಕಡೆಯ ಹೆಂಗಸಿಗೆ ಮೆಟ್ಟಿಲ ಮೇಲೆ ಇದನ್ನು ಹೇಳಿದೆ. ಅವಳು ಕಸಬರಿಗೆ ಊರಿಕೊಂಡು ನಿಂತು, “ಯಕ್ಕಾ, ನಿನಗ ಬುದ್ಧಿ ಐತೇನ? ಬರ್ಕೊಂಡ ಮ್ಯಾಲ ನೀ ಆಕಿಗಿ ಯಾಕ ಬೇಕು? ಬರೂ ಉಗಾದಿಗಿ ಸೀರಿ ಆ ಹಾಳಿಗೇ ಉಡಸ್ತಾಳ ನೋಡು!” ಎಂದಳು.

ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಇಲ್ಲವೆಂದರೂ ಕೆಲಸ ಹೋದೀತು. ಹೇಳುತ್ತೇನೆ, ಆದರೆ ಒಂದನ್ನು ಬಿಟ್ಟು ಹೇಳುತ್ತೇನೆ ಎಂದು ತೀರ್ಮಾನಿಸಿದೆ.

ಜೋಳದ ಹಿಟ್ಟಿಗೆ ತನ್ನದೇ ಜಿಗುಟಿಲ್ಲ. ಕುದಿಯುವ ನೀರು, ಅಂದರೆ ಎಸರು, ಬಿದ್ದರೆ ಮಾತ್ರ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ತಣ್ಣೀರಿನಲ್ಲಿ ಎಷ್ಟು ನಾದಿದರೂ ರೊಟ್ಟಿ ಒಡೆಯುತ್ತದೆ. ಆಕೆ ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಬರುವ ಹೊತ್ತಿಗೆ ನಾನು ಹಿಟ್ಟಿಗೆ ಎಸರು ಸುರಿದು, ತಟ್ಟೆ ಮುಚ್ಚಿ, ಅದೇ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟಿರುತ್ತಿದ್ದೆ. ಮುಂದಿನದೆಲ್ಲ ಆಕೆಯ ಕಣ್ಣೆದುರಿಗೇ.

ಆಕೆ ಕೇಳುವ ಪ್ರಶ್ನೆಗಳೋ, ಪೊಲೀಸಿನವರು ಕೇಳಲಿಕ್ಕಿಲ್ಲ.

“ಒಂದು ಹಿಡಿ ಅಂದ್ರೆ ಎಷ್ಟು?”

“ನನ್ನ ಹಿಡಿಯಷ್ಟರಿ.”

“ನಿಮ್ಮ ಹಿಡಿ ನನಗಿಲ್ಲವಲ್ಲ ಮಾರಾಯ್ರೆ!”

ಹಿಡಿ ಹಿಟ್ಟನ್ನು ಬಟ್ಟಲಿಗೆ ಹಾಕಿಸಿ ಅಳೆದಳು. ಎಷ್ಟು ಹೊತ್ತು ನಾದಬೇಕೆಂದು ಗಡಿಯಾರ ನೋಡಿದಳು. ಹಂಚು ಕಾದದ್ದು ಹೇಗೆ ಗೊತ್ತಾಗುತ್ತದೆ, ಮೇಲೆ ಒದ್ದೆ ಬಟ್ಟೆ ಆಡಿಸುವುದು ಯಾವಾಗ... ಎಲ್ಲ ಬರೆದಳು. ಭಾನುವಾರ ಬಂದರೆ ತಾನೇ ಬಡಿಯಲು ಕೂರುತ್ತಿದ್ದಳು. ಅಂಗೈಯಲ್ಲೇ ನಾಲ್ಕು ತುಂಡಾಗುತ್ತಿತ್ತು. “ಇದು ರೊಟ್ಟಿ ಅಲ್ಲ ಅಮ್ಮ, ನಕಾಶೆ” ಎಂದು ನಗುತ್ತಿದ್ದಳು. ತುಂಡುಗಳನ್ನೇ ಮೊಸರಿಗೆ ಹಾಕಿಕೊಂಡು ತಿನ್ನುತ್ತಿದ್ದಳು. ನನ್ನ ಮೇಲೆ ಒಂದು ಸಲವೂ ಮುಖ ಕೆಡಿಸಿಕೊಳ್ಳಲಿಲ್ಲ. ತಾನು ಕೇಳಿದ್ದೇ ಸರಿಯಿಲ್ಲ ಎಂದು ಮತ್ತೆ ಬರೆಯುತ್ತಿದ್ದಳು. ಅದರಿಂದಲೇ ನನಗೆ ಇನ್ನಷ್ಟು ಅನುಮಾನ. ಬೈಯದ ಮನುಷ್ಯರನ್ನು ನಾನು ನಂಬುವುದಿಲ್ಲ.

ಒಂದು ಬೆಳಗ್ಗೆ ಆಕೆ ನನ್ನನ್ನೇ ಮೇಜಿನ ಮುಂದೆ ಕೂರಿಸಿದಳು. ತನ್ನ ಇಂಗ್ಲಿಷ್ ಪುಟವನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ಎಲ್ಲಿ ತಿಳಿಯುವುದಿಲ್ಲವೋ ಅಲ್ಲಿ ನಿಲ್ಲಿಸಿ ಎಂದಳು. ನನಗೇನು ಗೊತ್ತು ಎಂದರೆ, ಗೊತ್ತಿಲ್ಲದವರೇ ಬೇಕು ಎಂದಳು. ಶುರು ಮಾಡಿದಳು: ಪೈಥಾನಿನಲ್ಲಿ ಕೂತು ಆರ್‌ಗೆ ಕೆಲಸ ಹೇಳುತ್ತೇವೆ, ಆರ್ ಮಾಡಿ ವಾಪಸು ಕೊಡುತ್ತದೆ. ಮೊದಲ ಸಾಲಿಗೇ ನಾನು ಕೈ ಎತ್ತಿದೆ.

“ಅದು ಎಲ್ಲಿ ಐತಿ ಅಂತ ಇದಕ್ಕ ಯಾರ್ ಹೇಳ್ಯಾರ್ರಿ?”

ಆಕೆ ಆ ಸಾಲನ್ನು ಮತ್ತೆ ಓದಿದಳು.

ನಾನು ದೊಡ್ಡ ಬುದ್ಧಿಯಿಂದ ಕೇಳಿದ್ದಲ್ಲ. ಇಟ್ಟಿಗೆ ಹೊರುವಾಗ ತೆಲುಗು ಮೇಸ್ತ್ರಿಗೂ ನಮ್ಮ ಮಂದಿಗೂ ನಡುವೆ ಮಾತು ಮುಟ್ಟಿಸುತ್ತಿದ್ದವಳು ನಾನೇ. ಹೊಸ ಮೇಸ್ತ್ರಿ ಬಂದ ದಿನ ಅವನ ಮಾತು ಎಷ್ಟು ತಿಳಿದರೂ ಏನು, ನಮ್ಮ ಗುಡಿಸಲು ನೀರಿನ ಟ್ಯಾಂಕಿನ ಹಿಂದಿದೆ ಎಂದು ಯಾರೂ ಹೇಳಿರದಿದ್ದರೆ ಅವನು ಬಯಲಿನಲ್ಲಿ ನಿಂತು ಕೂಗುತ್ತಿದ್ದ. ಅದನ್ನೇ ಹೇಳಿದೆ.

ಮೇಡಂ ಹಣೆ ಚಚ್ಚಿಕೊಂಡಳು. ಹೊಸಬರು ಎಡವುತ್ತಿದ್ದದ್ದು ಅಲ್ಲಿಯೇ ಅಂತೆ. ಆರ್ ಯಾವ ಜಾಗದಲ್ಲಿದೆ ಎಂದು ಮೊದಲು ತೋರಿಸಬೇಕಿತ್ತು. ಕಟ್ಟಿದವರ ಕಂಪ್ಯೂಟರಿಗೆ ಅದು ಮೊದಲೇ ಗೊತ್ತಿದ್ದರಿಂದ ಅವರು ಬರೆದಿರಲಿಲ್ಲ. ತನ್ನದಕ್ಕೂ ಗೊತ್ತಿದ್ದರಿಂದ ತಾನೂ ಬರೆಯಲಿಲ್ಲ ಎಂದಳು. ಅದನ್ನು ಮೊದಲ ಸಾಲು ಮಾಡಿದಳು. ಕೆಲವು ದಿನಗಳಾದ ಮೇಲೆ ಯಾವ ಯಾವುದೋ ದೇಶದವರು ಈಗ ತಿಳಿಯಿತು ಎಂದು ಬರೆದದ್ದನ್ನು ಓದಿ ಹೇಳಿದಳು.

“ಬಲ್ಲವರು ಹೀಗೇ ಅಮ್ಮ. ಒಂದು ಹೆಜ್ಜೆ ಬಿಟ್ಟುಬಿಡ್ತಾರೆ. ಬೇಕಂತ ಅಲ್ಲ, ಕೈ ತಾನಾಗಿ ಮಾಡಿಬಿಡ್ತದಲ್ಲ, ನೆನಪಿರೋದಿಲ್ಲ.”

ಇದನ್ನು ಹೇಳುವಾಗ ಆಕೆ ನನ್ನ ಮುಖ ನೋಡುತ್ತಿದ್ದಳೋ, ಪರದೆ ನೋಡುತ್ತಿದ್ದಳೋ... ನೆನಪಿಲ್ಲ. ನಾನಂತೂ ಪಾತ್ರೆ ತೊಳೆಯಲು ಎದ್ದೆ. ಹೊಗಳಿ ಹೊಗಳಿ ರೊಟ್ಟಿ ಕಸಿಯುವ ಉಪಾಯ ಇದು ಎಂದು ನನಗೆ ಅನ್ನಿಸಿತು.

ಅದೇ ವಾರ ಆಕೆ ರೊಟ್ಟಿಯದನ್ನು ದಪ್ಪ ಅಕ್ಷರಗಳಲ್ಲಿ, ನಾನು ಓದಲಿ ಎಂದು, ಒಂದು ಹಾಳೆಯ ಮೇಲೆ ಬರೆದು ತಂದಳು. ಏನಾದರೂ ಬಿಟ್ಟಿದೆಯಾ ನೋಡಿ ಎಂದಳು. ಬೆರಳಿಟ್ಟು ಓದಿದೆ. ಎರಡನೆಯದು: ಮೂರು ಹಿಡಿ ಹಿಟ್ಟು ತೆಗೆದುಕೊಳ್ಳಿ. ಮೂರನೆಯದು: ನೀರು ಹಾಕಿ ನಾದಿ. ಅವೆರಡರ ನಡುವೆ ನನ್ನ ಬೆರಳು ನಿಂತಿತು. ಆಕೆ ಕಾದಳು.

“ಎಲ್ಲಾ ಸರಿ ಐತ್ರಿ” ಎಂದೆ.

ಎರಡು ತಿಂಗಳಿಗೆ ಆಕೆ ಮನೆ ಖಾಲಿ ಮಾಡಿದಳು. ಆಫೀಸಿನವರು ಸಿಂಗಾಪುರಕ್ಕೆ ಕಳಿಸಿದರು. ಅಲ್ಲಿ ಒಬ್ಬಳೇ ಇರಬೇಕಲ್ಲ, ನಿಮ್ಮ ರೊಟ್ಟಿ ಮಾಡಿಕೊಂಡು ತಿನ್ನೋಣ ಎಂದು ಬರೆದುಕೊಂಡೆ ಎಂದಳು. ನಾನು ಹೆದರಿದ್ದು ಇದಕ್ಕಲ್ಲ. ನನ್ನನ್ನು ಕೆಲಸ ಬಿಡಿಸಲು ಬರೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ; ಹೊರಟವಳು ಆಕೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದಳು, ಮರುದಿನದಿಂದ ನನಗೆ ಅಲ್ಲಿ ಕೆಲಸ. ಇದರಲ್ಲೂ ಏನೋ ಇರಬೇಕೆಂದು ಕೆಳಗಿನ ಮನೆಯಲ್ಲಿ ಒಂದು ವರ್ಷ ಕಾದೆ. ಏನೂ ಇರಲಿಲ್ಲ.

ಹೊರಡುವ ದಿನ ಸಾಮಾನಿನವರು ಪೆಟ್ಟಿಗೆ ಇಳಿಸುತ್ತಿದ್ದರು. ಹಾದಿಗೆಂದು ಹತ್ತು ರೊಟ್ಟಿ ಕಟ್ಟಿ ಕೊಟ್ಟೆ. ಎಸರಿನ ಮಾತು ಹೇಳಿಬಿಡೋಣ ಎನ್ನಿಸಿತು. ಹೇಳಿದರೆ ಇಷ್ಟು ದಿನ ಸುಳ್ಳು ಹೇಳಿದ್ದೂ ಹೇಳಿದಂತಾಗುತ್ತದೆ ಎಂದು ಬಿಟ್ಟೆ. ಆಕೆ ಆ ಹಾಳೆಯನ್ನು ನನ್ನ ಕೈಗಿಟ್ಟಳು. ತನ್ನ ಹತ್ತಿರ ಇನ್ನೊಂದು ಇದೆ, ಇದು ನಿಮಗೆ ಎಂದಳು. ನಾನು ಹೇಳಿ ಬರೆಸಿದ್ದನ್ನು ನನಗೇ ಕೊಡುತ್ತಾಳಲ್ಲ, ಇದೆಂಥ ಹುಚ್ಚು ಎಂದು ಮನೆಗೆ ತಂದು ಡಬ್ಬಿಯ ಕೆಳಗೆ ಹಾಸಿದೆ. ಓದಿ ಆಗಿದ್ದ ಕಾಗದ. ತಿರುಗಿಸಿ ನೋಡಲಿಲ್ಲ.

ಮಣಿಕೊಂಡ ಬಿಟ್ಟು ಅದೇ ಪಟ್ಟಣದ ಕೂಕಟ್‌ಪಲ್ಲಿಗೆ ಬಂದಾಗ ಡಬ್ಬಿಯ ಜೊತೆ ಅದೂ ಬಂತು, ಮತ್ತೆ ಅದರ ಕೆಳಗೇ ಹೋಯಿತು. ಮೊನ್ನೆ ಇರುವೆ ಕೊಡವುವಾಗ ತಿರುಗಿತು.

ಆಕೆ ತನ್ನ ಪುಟಗಳ ಕೊನೆಯಲ್ಲಿ, ಎಲ್ಲಿ ಸರಿಯಾಗಿಲ್ಲವೋ ಅದನ್ನು ಮುಚ್ಚಿಡದೆ ಬರೆಯುತ್ತಿದ್ದಳು, ಓದುವವರು ಮೋಸ ಹೋಗಬಾರದು ಎಂದು. ಈ ಹಾಳೆಯ ಹಿಂಬದಿಯಲ್ಲೂ ಹಾಗೇ ಬರೆದಿದ್ದಳು. “ಗೊತ್ತಿರುವ ಕೊರತೆ: ಎರಡು ಮತ್ತು ಮೂರರ ನಡುವೆ ಏನೋ ಬಿಟ್ಟುಹೋಗಿದೆ. ಉಳಿದದ್ದೆಲ್ಲ ಬದಲಿಸಿ ನೋಡಿದ್ದೇನೆ. ಏನೆಂದು ನನಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತು. ಮನಸ್ಸಾದಾಗ ಇಲ್ಲಿ ಬರೆಯಲಿ.” ಅದರ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಳು. ನನ್ನ ಅಕ್ಷರ ಹಿಡಿಸುವಷ್ಟು ಅಗಲ ಬಿಟ್ಟು. ಇನ್ನೂ ಕೆಳಗೆ ವಿಳಾಸವೋ ಫೋನೋ ಇದ್ದಿರಬೇಕು. ಡಬ್ಬಿಯ ತುಕ್ಕಿನ ಬಳೆ ಹಾಳೆ ದಾಟಿ ಇಳಿದು ಸರಿಯಾಗಿ ಅದನ್ನೇ ತಿಂದುಹಾಕಿದೆ.

ಆಕೆಗೆ ಗೊತ್ತಿತ್ತು. ನಾನು ಮುಚ್ಚಿಟ್ಟದ್ದು ಗೊತ್ತಿತ್ತೋ, ಮರೆತಿದ್ದೇನೆ ಎಂದುಕೊಂಡಳೋ... ಅಮ್ಮನಿಗೆ ಗೊತ್ತು ಎನ್ನುವುದು ನಂಬಿ ಬರೆದ ಮಾತೋ, ಚುಚ್ಚಿ ಬರೆದದ್ದೋ, ಇವತ್ತಿಗೂ ನನಗೆ ಅನುಮಾನ. ಆಕೆ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಅಲ್ಲಿ ಎಷ್ಟು ಭಾನುವಾರ ಒಡೆದ ರೊಟ್ಟಿ ತಿಂದಳೋ.

ಪೆನ್ಸಿಲು ಹುಡುಕಿ ಆ ಎರಡು ಗೆರೆಗಳ ನಡುವೆ ಬರೆದೆ: ಹಿಟ್ಟಿಗೆ ಕುದಿಯುವ ಎಸರು ಹಾಕಿ, ಮುಚ್ಚಿ, ಆಮೇಲೆ ನಾದಬೇಕು. ಸಾಲು ಇಳಿಜಾರಾಗಲಿಲ್ಲ, ಗೆರೆ ಇತ್ತಲ್ಲ. ಕಳಿಸಲು ವಿಳಾಸ ಗೊತ್ತಿಲ್ಲ.

ಹೊಸ ಡಬ್ಬಿ ತಂದಿದ್ದೇನೆ. ಅದರ ಕೆಳಗೆ ಈ ಸಲ ಪ್ಲಾಸ್ಟಿಕ್ ಹಾಳೆ ಹಾಸಿದೆ.