ಹದಿನೇಳು ಮಕ್ಕಳ ಉಸಿರು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ವಿವರಣೆಗೆ ನಿಲುಕದ ಘಟನೆಗಳನ್ನು ನಾನು ನಂಬುತ್ತಿರಲಿಲ್ಲ. ಅಂಥವನ್ನು ಹೇಳುವವರ ಮೇಲೆ ನನಗೆ ಕೋಪವೇ ಇತ್ತು. ಮೊದಲ ಬಾರಿಗೆ ಬರೆಯುತ್ತಿರುವುದರಿಂದ ಲೋಪವಿದ್ದಲ್ಲಿ ಮನ್ನಿಸಬೇಕು.

ನಾನು ಮಳವಳ್ಳಿ ತಾಲ್ಲೂಕಿನ ಒಂದು ಅಂಗನವಾಡಿಯ ಕಾರ್ಯಕರ್ತೆ. ಊಟವಾದ ಮೇಲೆ ಮಕ್ಕಳನ್ನು ಜಮಖಾನದ ಮೇಲೆ ಮಲಗಿಸುವುದು ನಮ್ಮ ಕ್ರಮ. ಐದು ವರ್ಷದ ಧನ್ಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಉಳಿದ ಹೊತ್ತಿನಲ್ಲೂ ತೂಕಡಿಸುತ್ತಿದ್ದಳು. ಸದರಿ ಮಗುವನ್ನು ಸೋಮಾರಿಯೆಂದು ಬಗೆದು ನಾನು ಹಲವು ಬಾರಿ ನಿಲ್ಲಿಸಿ ಶಿಕ್ಷಿಸಿದ್ದೆ. ಇದು ತಿಳಿದು ಅವಳ ಅಜ್ಜಿ ಸಣ್ಣಮ್ಮನವರು ಬಾಗಿಲಲ್ಲೇ ಜಗಳಕ್ಕೆ ನಿಂತರು.

“ಗೊರ್ಕೆ ಒಡೆಯೋ ಮಗ ಚೆಂದಾಗಿ ನಿದ್ದೆ ಮಾಡ್ತದೆ ಕಣಮ್ಮ. ನಿಂಗೆ ಸಂಬ್ಳ ಕೊಡೋದು ನಮ್ ಮಗೀನ ನಿಲ್ಸಕ್ಕಾ?”

ಅವರ ಬಾಯಿ ಮುಚ್ಚಿಸುವ ಹಟದಿಂದ, ಮರುದಿನ ಧನ್ಯಳ ಗೊರಕೆಯನ್ನು ಮೊಬೈಲಿನಲ್ಲಿ ದಾಖಲಿಸಿದೆ. ಗೊರಕೆ ಒಮ್ಮೆಲೇ ನಿಂತಿತು. ಎದೆ ಏರಿಳಿಯುತ್ತಿತ್ತು, ಉಸಿರು ಮಾತ್ರ ಬರಲಿಲ್ಲ. ಅದೇ ಕ್ಷಣದಲ್ಲಿ ಉಳಿದ ಹದಿನೇಳು ಮಕ್ಕಳ ಉಸಿರೂ ನಿಂತಿತು. ಪಕ್ಕದ ಮಗುವಿನ ಮೂಗಿನ ಬಳಿ ಕೈ ಹಿಡಿದೆ, ಏನೂ ತಾಗಲಿಲ್ಲ. ಧನ್ಯಳನ್ನು ಎತ್ತಿ ಅಲುಗಿಸಿದೆ. ಅವಳು ಏದುಸಿರಿಟ್ಟು ಎಚ್ಚೆತ್ತಳು. ಎಲ್ಲರೂ ಒಟ್ಟಿಗೆ ಉಸಿರೆಳೆದರು. ಬೇರೆ ಯಾರೂ ಏಳಲಿಲ್ಲ.

ಧನ್ಯಳನ್ನು ಮಂಡ್ಯದ ವೈದ್ಯರಲ್ಲಿಗೆ ಕರೆದೊಯ್ದೆ. ಸಣ್ಣಮ್ಮನವರೂ ಜೊತೆಗೆ ಬಂದರು, ನನ್ನನ್ನು ಸುಳ್ಳಿಯೆಂದು ಸಾಬೀತುಪಡಿಸಲು. ವೈದ್ಯರು ವಿವರಿಸಿದರು: ಗೊರಕೆ ಹೊಡೆಯುವ ಮಕ್ಕಳು ಪಾಠದಲ್ಲಿ ಮಂಕಾಗುವುದನ್ನು ನೂರು ವರ್ಷಕ್ಕೂ ಹಿಂದೆಯೇ ಅಂದಿನ ವೈದ್ಯರು ಬರೆದಿಟ್ಟಿದ್ದರಂತೆ. ಆಮೇಲೆ ಬಹುಕಾಲ ಅದನ್ನು ಯಾರೂ ಲೆಕ್ಕಿಸಲಿಲ್ಲವಂತೆ. ನಿದ್ದೆಯಲ್ಲಿ ಉಸಿರು ಕಟ್ಟುವುದು ದಪ್ಪ ಗಂಡಸರ ಕಾಯಿಲೆಯೆಂದೇ ತಿಳಿದಿದ್ದರಂತೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಷ್ಟೇ ಮಲಗಿದ ಮಕ್ಕಳ ಉಸಿರನ್ನು ಯಂತ್ರದಿಂದ ಅಳೆದು ಖಚಿತಪಡಿಸಿಕೊಂಡರಂತೆ.

“ಅಲ್ಲೀವರೆಗೆ ಅಂಥ ಮಕ್ಕಳನ್ನ ದಡ್ಡರು ಅಂತ ಹೊಡೆದೋರ ಸಾಲಲ್ಲೇ ನೀವೂ ಇದೀರಿ, ಟೀಚರಮ್ಮ,” ಎಂದರು ವೈದ್ಯರು.

ನಾನು ತಲೆತಗ್ಗಿಸಿ ದಾಖಲೆಯನ್ನು ಕೇಳಿಸಿದೆ. ಧನ್ಯಳ ಉಸಿರು ನಿಂತದ್ದು ಸ್ಪಷ್ಟವಿದೆ, ಉಳಿದ ಮಕ್ಕಳದು ಸರಿಯಾಗಿ ಕೇಳುತ್ತಿದೆ ಎಂದರು ವೈದ್ಯರು. ಸಣ್ಣಮ್ಮನವರು ಮೊಬೈಲನ್ನು ಕಿವಿಗೊತ್ತಿಕೊಂಡು ಬೆವರಿದರು.

“ಒಂದ್ ಮಗೀನ ಉಸ್ರೂ ಇಲ್ವಲ್ಲ ಸ್ವಾಮಿ. ಏನ್ ಮಾಡ್ಬೇಕೋ ಮಾಡ್ಬುಡಿ.”

ಮೂಗಿನ ಹಿಂದಿನ ಗಡ್ಡೆ ತೆಗೆಸಿದರು. ಧನ್ಯ ಈಗ ಸದ್ದಿಲ್ಲದೆ ಮಲಗುತ್ತಾಳೆ. ದಾಖಲೆಯನ್ನು ಕೇಳಿದವರೆಲ್ಲರಿಗೂ ಉಳಿದ ಮಕ್ಕಳ ಉಸಿರು ಕೇಳುತ್ತದೆ, ನನ್ನ ಮತ್ತು ಸಣ್ಣಮ್ಮನವರ ಹೊರತು. ಸಣ್ಣಮ್ಮನವರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನನ್ನಂತೆ ಅವರಿಗೂ ಅದು ಕೇಳದೇ ಹೋದದ್ದೇಕೆಂದು ವಿಚಾರಿಸಲು ಎರಡು ಬಾರಿ ಅವರ ಬಾಗಿಲವರೆಗೆ ಹೋಗಿ, ಕರೆಯದೆ ಮರಳಿದ್ದೇನೆ.