ತಕ್ಕಡಿ ಪೆಟ್ಟಿಗೆಯ ಮಾತ್ರೆ

ಇಂದು ಬೆಳಿಗ್ಗೆ ಪಕ್ಕದ ಮನೆಯ ಸರೋಜಕ್ಕ ದಪ್ಪನೆಯ ಬಿಳಿ ಡಬ್ಬಿಯೊಂದನ್ನು ಸೆರಗಿನಲ್ಲಿ ಹಿಡಿದು ಬಂದರು. ದುಬೈಯಿಂದ ಬಂದ ತಮ್ಮ ಕೊಟ್ಟದ್ದಂತೆ; ಇರುವ ವಿಟಮಿನ್‌ಗಳೆಲ್ಲ ಅದರ ಒಂದೇ ಮಾತ್ರೆಯಲ್ಲಿವೆಯಂತೆ. ಯಾವ ಹೊತ್ತಿಗೆ ಎಷ್ಟು ನುಂಗಬೇಕೆಂದು ನಾನೊಂದು ವೇಳಾಪಟ್ಟಿ ಬರೆದುಕೊಡಬೇಕೆಂಬುದು ಅವರ ಕೋರಿಕೆ. ಮುಚ್ಚಳ ತಿರುಗಿಸಿದೆ. ಗೋಣಿಚೀಲದ ಮೇಲೆ ಹುಳಿಹಿಟ್ಟು ಚೆಲ್ಲಿ ಒಣಗಿದರೆ ಬರುವಂತಹ ಆ ವಾಸನೆ ನಿಮಗೂ ಪರಿಚಿತವೇ ಇದ್ದೀತು. ನನ್ನ ಪೆನ್ನು, ಅಡಿಪಟ್ಟಿ, ಬಿಳಿಯ ಹಾಳೆ ಎಲ್ಲವೂ ಮೇಜಿನ ಮೇಲೆ ಸಿದ್ಧವಾಗಿದ್ದವು. ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ. ಅದೇಕೆಂದು ತಿಳಿಯಬೇಕಾದರೆ ನೀವು ನನ್ನೊಡನೆ ಮೂರು ವರ್ಷ ಹಿಂದಕ್ಕೆ, ನಮ್ಮ ಶನಿವಾರಸಂತೆಯ ಸಂತೆಮಾಳಕ್ಕೆ ಬರಬೇಕು.

ಅದಕ್ಕೂ ಮೊದಲು ನನ್ನ ಸ್ವಭಾವದ ಬಗ್ಗೆ ಎರಡು ಮಾತು. ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಸ್ವಯಂ ನಿವೃತ್ತಿ ಪಡೆದವಳು ನಾನು. ಪಾಠ ಅರ್ಥವಾಗದ ಮಕ್ಕಳನ್ನು ಕ್ಷಮಿಸಿದ್ದೇನೆ. ಹಾಜರಾತಿ ತಪ್ಪಿಸಿದವರನ್ನು ಕ್ಷಮಿಸಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಹಂಚುವ ಕೆಲಸ ನನ್ನದಾಗಿತ್ತು. ಇತರ ಶಿಕ್ಷಕರು ಹಂಚಿ ಸುಮ್ಮನಾಗುತ್ತಿದ್ದರು. ನಾನು ಪ್ರತಿಯೊಬ್ಬರ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಮಾತ್ರೆ ಒಳಗೆ ಹೋಯಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಕೂರಲು ಬಿಡುತ್ತಿದ್ದೆ. ಬೆನ್ನ ಹಿಂದೆ ಮಕ್ಕಳು ನನ್ನನ್ನು ಏನೆಂದು ಕರೆಯುತ್ತಿದ್ದರೆಂಬುದು ನನಗೆ ಗೊತ್ತು, ಇಲ್ಲಿ ಬರೆಯಲಾರೆ.

ನಿವೃತ್ತಿಯ ಮರುವರ್ಷವೇ ನನ್ನ ಪಾದಗಳು ಜೋಮು ಹಿಡಿಯತೊಡಗಿದವು. ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದಿರುತ್ತಿದ್ದೆ. ನಮ್ಮೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮಾಂಸ ಮೊಟ್ಟೆ ಮುಟ್ಟದ ನಮ್ಮಂತಹವರಲ್ಲಿ ಬಿ ಹನ್ನೆರಡು ಎಂಬ ವಿಟಮಿನ್ ಕಡಿಮೆಯಾಗುವುದುಂಟೆಂದು ಹೇಳಿ ಮಾತ್ರೆ ಬರೆದುಕೊಟ್ಟರು. ಕೆಲವೇ ತಿಂಗಳಲ್ಲಿ ಪಾದಗಳು ನನ್ನವಾದವು. ಬೇರೆ ಹೆಂಗಸಿಗೆ ಒಂದು ಮಾತ್ರೆಯಿಂದ ಗುಣವಾದರೆ ಆಕೆ ಆರೋಗ್ಯವಂತೆಯಾಗುತ್ತಾಳೆ, ಅಷ್ಟೇ. ನಾನು ಉಪದೇಶಕಿಯಾದೆ. ಬೀದಿಯಲ್ಲಿ ಸೊಂಟ ಹಿಡಿದು ನಡೆದವರೆಲ್ಲ ನನ್ನ ಕಣ್ಣಿಗೆ ವಿಟಮಿನ್ ಕೊರತೆಯವರಾಗಿಯೇ ಕಂಡರು.

ಹಾಗೆ ನನ್ನ ಕೈಗೆ ಸಿಕ್ಕವರಲ್ಲಿ ಮೊದಲಿಗರು ನನ್ನ ಅಕ್ಕನ ಗಂಡ, ಮಲ್ಲೇಶ ಭಾವ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣಿನ ವ್ಯಾಪಾರಿ. ತಂದೆಯ ಕಾಲದಿಂದ ಬಂದ ಅವರ ಜಾಗ ಸಂತೆಮಾಳದ ನೀರಿನ ಟ್ಯಾಂಕಿನ ಪಕ್ಕದಲ್ಲಿದೆ. ಸುತ್ತ ಎಲ್ಲರೂ ಅಂಕಿ ಮಿನುಗುವ ತಕ್ಕಡಿ ತಂದರೂ ಭಾವ ಮಾತ್ರ ಹಳೆಯ ತಕ್ಕಡಿಯನ್ನೂ ತೂಕದ ಬಟ್ಟುಗಳನ್ನೂ ಮರದ ಪೆಟ್ಟಿಗೆಯಲ್ಲಿ ಹೊತ್ತು ತರುತ್ತಾರೆ. ಅವರಿಗೆ ಮೂಳೆನೋವೆಂದಾಗ ನಾನೇ ಡಾಕ್ಟರ ಬಳಿ ಕರೆದೊಯ್ದೆ. ಡಿ ವಿಟಮಿನ್ ಕಡಿಮೆಯಿದೆಯೆಂದು ವಾರಕ್ಕೊಂದು ಮಾತ್ರೆ ಬರೆದರು. ಚೀಟಿಯನ್ನು ನಾನು ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಸೇರಿಸಿ, ದಾರ ಕಟ್ಟಿ, ನನ್ನ ಕಪಾಟಿನಲ್ಲಿ ಭದ್ರಪಡಿಸಿದೆ.

ವಾರಕ್ಕೊಂದು ಎಂಬುದನ್ನು ಭಾವ ಮರೆಯುತ್ತಾರೆಂಬುದು ಅಕ್ಕನ ಆತಂಕ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮಾತ್ರೆಯ ಸ್ಟ್ರಿಪ್ಪನ್ನು ತಕ್ಕಡಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಸಿಕ್ಕಿಸಿ, ಪೆಟ್ಟಿಗೆ ತೆರೆದಾಗ ಮೊದಲು ಮಾತ್ರೆ, ಆಮೇಲೆ ತಕ್ಕಡಿ ಎಂದು ವಿಧಿಸಿದೆ. ಮುಗಿಯುವ ಮುನ್ನವೇ ಇನ್ನೊಂದು ಸ್ಟ್ರಿಪ್ ತಂದಿಟ್ಟುಕೊಳ್ಳಬೇಕು, ಒಂದು ದಿನವೂ ತಪ್ಪಬಾರದು ಎಂದೂ ಸೇರಿಸಿದೆ. ಭಾವ ಎರಡೂ ಕೈ ಕಟ್ಟಿ, “ಆಗಲಿ ಟೀಚರಮ್ಮ, ಆಮೇಲೆ ನಾಲಿಗೆನೂ ಎತ್ತಿ ತೋರಿಸ್ಬೇಕಾ?” ಎಂದರು. ಅಕ್ಕ ನಕ್ಕಳು. ನಾನು ನಗಲಿಲ್ಲ.

ಅದು ಗೌರಿಹಬ್ಬ ಕಳೆದ ಹೊಸತು. ಶಿವರಾತ್ರಿಯ ಹೊತ್ತಿಗೆ ಭಾವ ಗುರುತು ಸಿಗದಂತಾಗಿದ್ದರು. ಎಷ್ಟು ನೀರು ಕುಡಿದರೂ ಬಾಯಾರಿಕೆ, ಊಟ ಸೇರದು, ಹೊಟ್ಟೆ ಕಟ್ಟಿದೆ, ತಿಂದದ್ದು ವಾಂತಿ. ಮೆಣಸಿನಕಾಯಿ ಕೇಳಿದವರಿಗೆ ಬೆಳ್ಳುಳ್ಳಿ ತೂಗಿಕೊಟ್ಟರು. ವಯಸ್ಸಾಯಿತು, ಇನ್ನು ಸಂತೆ ಸಾಕೆಂದು ಅಕ್ಕ ತೀರ್ಮಾನಿಸಿದಳು. ಸಾಕೆಂದರೆ ತಾನಿದ್ದೂ ಇಲ್ಲದ ಹಾಗೆ ಎಂದು ಭಾವ ಗೋಡೆಗೆ ಮುಖ ತಿರುಗಿಸಿದರು. ಎರಡು ವಾರ ಖಾಲಿ ಬಿದ್ದ ಜಾಗದಲ್ಲಿ ಬೇರೊಬ್ಬರು ಗೋಣಿ ಹಾಸಿದರೆ ಕೇಳುವಂತಿಲ್ಲ. ಅದು ಸಂತೆಯ ಕಟ್ಟಳೆ. ಅದಾಗಲೇ ಒಂದು ಶನಿವಾರ ತಪ್ಪಿಹೋಗಿತ್ತು. ಈ ಸಂದರ್ಭದಲ್ಲಿ ನಾನು ಕೊಟ್ಟ ಸಲಹೆಯನ್ನು ಮರೆಮಾಚುವುದಿಲ್ಲ: ಸುಸ್ತು ಇರುವಾಗಲೇ ಮಾತ್ರೆ ಬಿಡಬಾರದು ಎಂದಿದ್ದೆ.

ಗುರುವಾರ ಡಾಕ್ಟರ ಮುಂದೆ ಕುಳಿತೆವು. ಶಕ್ತಿಗೆಂದು ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅವರು ಕೇಳಿದರು. ನಾನು ಕಡತ ಬಿಚ್ಚಿ, ವಾರಕ್ಕೊಂದು ಡಿ ವಿಟಮಿನ್, ಒಂದು ವಾರವೂ ತಪ್ಪಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ.

“ವಾರಕ್ಕೊಂದಲ್ಲ ಟೀಚರಮ್ಮ,” ಭಾವ ತೇಲುಗಣ್ಣಿನಲ್ಲಿ ತಿದ್ದಿದರು. “ಪೆಟ್ಟಿಗೆ ತೆಗ್ದಾಗ ಒಂದು. ನೀವೇ ಹೇಳಿದ್ರಲ್ಲ. ಶನಿವಾರ ಇಲ್ಲಿ, ಭಾನುವಾರ ಸಿದ್ದಾಪುರ, ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ. ನಾಕು ಸಂತೆ, ನಾಕು ಮಾತ್ರೆ. ಒಂದಿನಾನೂ ತಪ್ಸಿಲ್ಲ.”

ಉಪಾಯ ಹೂಡುವಾಗ ನನ್ನ ಲೆಕ್ಕದಲ್ಲಿದ್ದದ್ದು ಶನಿವಾರದ ಸಂತೆಯೊಂದೇ. ಡಾಕ್ಟರು ಕಡತದಿಂದ ತಮ್ಮದೇ ಚೀಟಿಯನ್ನು ಎಳೆದು ನನ್ನ ಮುಂದಿಟ್ಟರು. ಎಂಟು ವಾರ, ಅನಂತರ ನಿಲ್ಲಿಸಿ ಮತ್ತೆ ಪರೀಕ್ಷೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

“ಈ ಚೀಟಿ ಇಷ್ಟು ದಿನ ಯಾರ ಹತ್ರ ಇತ್ತು?”

“ನನ್ನ ಹತ್ರ,” ಎಂದೆ. ಬೆಂಚಿನ ಮೇಲೆ ನಿಲ್ಲುವುದೆಂದರೆ ಏನೆಂದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ನನ್ನ ಬಿ ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೊರಟುಹೋಗುತ್ತದಂತೆ. ಭಾವನ ಡಿ ಹಾಗಲ್ಲವಂತೆ. ಅದು ಕೊಬ್ಬಿನಲ್ಲಿ ಮನೆಮಾಡಿಕೊಂಡು, ರಕ್ತದಲ್ಲಿ ಸುಣ್ಣದ ಅಂಶ ಏರಿಸಿ, ಕೊನೆಗೆ ಮೂತ್ರಪಿಂಡಕ್ಕೇ ಕೈ ಹಾಕುತ್ತದಂತೆ. ಎಲುಬಿಗೆ ಬೇಕಾದದ್ದೇ ಅಳತೆ ಮೀರಿದಾಗ ಅವರ ಕಿಡ್ನಿಗೆ ಕುತ್ತಾಗಿ ಬಂದಿತ್ತು. ಅಂದೇ ಹಾಸನದ ಆಸ್ಪತ್ರೆಗೆ ಸೇರಿಸಿ ಬಾಟಲಿ ಏರಿಸಿದರು. ಭಾವನಿಗೆ ಅದಾವುದರ ಚಿಂತೆಯೂ ಇರಲಿಲ್ಲ. ಶನಿವಾರಕ್ಕೆ ಇನ್ನೆಷ್ಟು ದಿನ ಇದೆ ಎಂದಷ್ಟೇ ಕೇಳುತ್ತಿದ್ದರು.

ಅಕ್ಕ ಹಾಸಿಗೆಯ ಪಕ್ಕದಿಂದ ಏಳುವಂತಿರಲಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ತಕ್ಕಡಿ ಪೆಟ್ಟಿಗೆಯನ್ನೂ ಮೂರು ಮೂಟೆಗಳನ್ನೂ ಆಟೋದಲ್ಲಿ ಹೇರಿಸಿಕೊಂಡು ನಾನು ಸಂತೆಗೆ ಹೋದೆ. ಟ್ಯಾಂಕಿನ ಪಕ್ಕದಲ್ಲಿ ಆಗಲೇ ಒಬ್ಬ ಗೋಣಿ ಹಾಸಿ ಕೊತ್ತಂಬರಿ ಕಟ್ಟು ಜೋಡಿಸುತ್ತಿದ್ದ. ಬಗ್ಗಿ ಮುಖ ನೋಡಿದೆ. ಹತ್ತನೆಯ ತರಗತಿ, ಕೊನೆಯ ಸಾಲು.

“ಸತೀಶ, ಎದ್ದೇಳು,” ಎಂದೆ.

ಅವನು ಎದ್ದ. ಎದ್ದವನು ಕೈ ಕಟ್ಟಿ ನಿಂತ. ಆಮೇಲೆ ತಾನೇ ನನ್ನ ಮೂಟೆಗಳನ್ನು ಇಳಿಸಿ, ತನ್ನ ಗೋಣಿಯನ್ನು ಆಚೆಗೆ ಎಳೆದುಕೊಂಡು, “ಮಿಸ್, ನೀವು ಯಾವಾಗಿಂದ ಈ ಲೈನಿಗೆ ಬಂದಿದ್ದು?” ಎಂದು ಮೆಲ್ಲಗೆ ಕೇಳಿದ.

ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಬದಿಯಲ್ಲಿ, ನಾನು ತೋರಿಸಿದ್ದ ಜಾಗದಲ್ಲೇ, ಸ್ಟ್ರಿಪ್ ಇತ್ತು. ಒಂದೇ ಮಾತ್ರೆ ಉಳಿದಿತ್ತು. ಅದರ ಹಿಂದೆ, ನಾನು ವಿಧಿಸಿದ್ದಂತೆಯೇ, ಮೆಡಿಕಲ್ ಶಾಪಿನಿಂದ ತಂದ ಹೊಸ ಸ್ಟ್ರಿಪ್ ಸಿದ್ಧವಾಗಿತ್ತು. ನನ್ನ ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ವಿಧೇಯನಾದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಸಂತೆಯ ನಡುವೆ ಕಣ್ಣೊರೆಸಿಕೊಂಡೆ. ನೋಡಿದವರು ಮೆಣಸಿನಕಾಯಿಯ ಘಾಟು ಎಂದುಕೊಂಡಿರಬೇಕು.

ಅಂದು ನನ್ನೊಡನೆ ಯಾರೂ ಚೌಕಾಸಿ ಮಾಡಲಿಲ್ಲ. ಹಳೆಯ ವಿದ್ಯಾರ್ಥಿಗಳು ಸಾಲಾಗಿ ಬಂದು, ಹೇಳಿದ ಬೆಲೆ ಕೊಟ್ಟು, ಕೊಟ್ಟದ್ದನ್ನು ಹಿಡಿದು ತಿರುಗಿ ನೋಡದೆ ಹೋದರು. ಮಧ್ಯಾಹ್ನಕ್ಕೆ ಮೂಟೆ ಬರಿದು. ಸುದ್ದಿ ತಿಳಿದ ಭಾವ ಆಸ್ಪತ್ರೆಯಿಂದಲೇ ಫೋನಿನಲ್ಲಿ, “ಟೀಚರಮ್ಮ, ಮೆಣಸಿನಕಾಯಿ ಕೊಂಡವರ ಬಾಯಿ ತೆಗೆಸಿ ನೋಡಿದ್ರೋ ಇಲ್ವೋ?” ಎಂದರು. ದನಿ ಕ್ಷೀಣವಾಗಿತ್ತು, ಆದರೆ ಅದು ಅವರದೇ ದನಿ. ಮೂತ್ರಪಿಂಡ ಸರಿಹೋಗಲು ಹಲವು ತಿಂಗಳು ಹಿಡಿಯಿತು. ಈಗ ಅವರು ಎರಡೇ ಸಂತೆಗೆ ಹೋಗುತ್ತಾರೆ. ಪೆಟ್ಟಿಗೆಯಲ್ಲಿ ತಕ್ಕಡಿ, ಬಟ್ಟುಗಳನ್ನು ಬಿಟ್ಟು ಬೇರೇನೂ ಇಲ್ಲ.

ಸರೋಜಕ್ಕ ಕಾಯುತ್ತಿದ್ದರು. ಇದನ್ನು ತೆಗೆದುಕೊಳ್ಳಿ ಎಂದು ಹೇಳಿದವರು ಯಾರೆಂದು ಕೇಳಿದೆ. ಯಾರೂ ಹೇಳಿಲ್ಲ, ಡಬ್ಬಿ ಚೆನ್ನಾಗಿದೆ ಎಂದರು. ಬಿಪಿಗೆ, ಥೈರಾಯ್ಡಿಗೆ ಬೇರೆ ಮಾತ್ರೆಗಳಿವೆಯೇ ಎಂದೆ. ಇವೆಯಂತೆ, ಅವುಗಳ ಚೀಟಿ ಎಲ್ಲಿದೆಯೋ ನೆನಪಿಲ್ಲವಂತೆ. ನಾನು ಪೆನ್ನಿಗೆ ಟೋಪಿ ಹಾಕಿದೆ, ಡಬ್ಬಿಗೆ ಮುಚ್ಚಳ ತಿರುಗಿಸಿದೆ.

“ಚೀಟಿ ಹುಡುಕಿ ತನ್ನಿ, ಡಬ್ಬಿನೂ ತನ್ನಿ, ಡಾಕ್ಟರ ಹತ್ರ ಹೋಗೋಣ,” ಎಂದೆ.

“ಹಾಗಾದ್ರೆ ಎಲ್ಲ ನಿಮ್ಮ ಫೈಲಿನಲ್ಲೇ ಇಟ್ಕೊಂಡ್ಬಿಡಿ,” ಎಂದರು ಸರೋಜಕ್ಕ.

“ಬೇಡ,” ಎಂದೆ. “ಜೊತೆಗೆ ಬರ್ತೀನಿ. ಚೀಟಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.”