ನನ್ನ ಮಗ್ಗುಲಲ್ಲಿ ಅಣ್ಣನ ಕೈ

ಗಾಳಿ ಸೋಕಿತು, ಕಣ್ಣು ತಾಗಿತು ಎಂದು ಊರವರು ಹೇಳಿದಾಗೆಲ್ಲ ನಕ್ಕವನು ನಾನು. ಈಗಲೂ ಅಂಥದ್ದನ್ನು ನಂಬುತ್ತೇನೆ ಎನ್ನಲಾರೆ. ಆದರೆ ನನಗೇ ಆದದ್ದನ್ನು ಏನೆಂದು ಕರೆಯಬೇಕೋ ತಿಳಿಯದು.

ಎಂಬತ್ತರ ದಶಕದ ಕೊನೆ. ಕುಷ್ಟಗಿಯಲ್ಲಿ ಗುಮಾಸ್ತನಾಗಿದ್ದೆ; ಹೆಂಡತಿ ತೀರಿಕೊಂಡಿದ್ದಳು. ಆಗಾಗ ಎಡಗೈ ಜೋಮು ಹಿಡಿದು ಮಾತು ತೊದಲುತ್ತಿತ್ತು. ಕುತ್ತಿಗೆಯ ಬಲಗಡೆ, ಮಿದುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆ ಎಂದರು ಡಾಕ್ಟರು. ತಳಕಲ್‌ನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಅಣ್ಣನೇ ಮುಂಬಯಿಗೆ ಕರೆದೊಯ್ದು ಆಪರೇಷನ್ ಮಾಡಿಸಿದ. ಬಿತ್ತಿಗೆಯ ಹೊತ್ತು ಮೀರುತ್ತದೆಂದು ತನ್ನ ಹೆಂಡತಿಯನ್ನು, ನನ್ನ ವೈನಿಯನ್ನು, ನನ್ನ ಬಳಿ ಬಿಟ್ಟು ಊರಿಗೆ ಹೋದ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಆಕೆ.

ಕೆಲವು ದಿನಗಳಾದ ಮೇಲೆ ತಲೆಯ ಬಲಗಡೆ ಸಿಡಿತ ಶುರುವಾಯಿತು. ಮಧ್ಯಾಹ್ನ ವೈನಿ ಗಂಜಿ ಕುಡಿಸುತ್ತಿದ್ದಾಗ ನೋಡಿದರೆ, ಹಾಸಿಗೆಯಲ್ಲಿ ನನ್ನ ಎಡ ಮಗ್ಗುಲಿಗೆ ಒಂದು ಕೈ ಬಿದ್ದಿತ್ತು. ನನ್ನದಲ್ಲ. ಹೆಬ್ಬೆರಳ ಬುಡದಲ್ಲಿ ಕುಡಗೋಲಿನ ಹಳೆಯ ಕಲೆ, ಅಣ್ಣನ ಕೈಯೇ.

“ವೈನಿ, ಅಣ್ಣ ಇಲ್ಲಿ ಯಾಕ ಕೈ ಇಟ್ಟಾನ? ತಗಸ್ರಿ.”

“ತಮ್ಮಾ, ಅದು ನಿಂದ ಕೈ ಐತೋ.”

“ಸುಳ್ಳು ಹೇಳಬ್ಯಾಡ್ರಿ. ಹುಟ್ಟಿದಾಗಿಂದ ಇದ ಕೈಲೆ ನನ್ನ ಕುತಗಿ ಹಿಡದಾನ. ಸಾಯಲಿ ಅವ!”

ವಾರ್ಡಿನವರೆಲ್ಲ ತಿರುಗಿ ನೋಡಿದರು. ಬೈಯಬಾರದ್ದನ್ನೆಲ್ಲ ಬೈದೆ. ಆಮೇಲೆ ಬಲಗೈಯಿಂದ ಆ ಕೈಯನ್ನು ಎತ್ತಿ ಹೆಬ್ಬೆರಳ ಬುಡಕ್ಕೆ ಕಚ್ಚಿದೆ. ನೋವಾಗಲಿಲ್ಲ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಕಂಡಿತು. ಅಷ್ಟರಲ್ಲಿ ಫಿಟ್ಸ್ ಬಂದು ಎಚ್ಚರ ತಪ್ಪಿದೆ.

ನಾಳ ತೆರೆದ ಮೇಲೆ ರಕ್ತ ಒಮ್ಮೆಲೇ ನುಗ್ಗಿ ಮಿದುಳು ಬಾತಿದೆ, ಅದಕ್ಕೇ ಹೀಗಾಯಿತು ಎಂದರು ಡಾಕ್ಟರು. ಬಿ.ಪಿ. ಇಳಿಸಿದರು. ಕೈ ಮತ್ತೆ ನನ್ನದಾಯಿತು. ಕಲೆ ಇರಲಿಲ್ಲ, ನನ್ನ ಹಲ್ಲಿನ ಗುರುತಷ್ಟೇ ಇತ್ತು. ಆಡಿದ ಮಾತು ಮಾತ್ರ ಒಂದೂ ಮರೆತಿರಲಿಲ್ಲ. ವೈನಿಯ ಮುಖ ನೋಡಲಾಗದೆ ಗೋಡೆಗೆ ತಿರುಗಿ ಮಲಗುತ್ತಿದ್ದೆ.

ನಾವು ಮುಂಬಯಿಯಿಂದ ಮರಳಿದಾಗ ಕೊಪ್ಪಳ ಸ್ಟೇಷನ್ನಿಗೆ ಅಣ್ಣ ಬಂದಿದ್ದ. ಎಡಗೈ ಹೆಬ್ಬೆರಳ ಬುಡಕ್ಕೆ ಅರಿಷಿಣ ಹಚ್ಚಿ ಅರಿವೆ ಸುತ್ತಿದ್ದ.

“ಏನೋ ಕಡೀತು. ಹೊಲದಾಗ ಬಿತ್ತಾಕ ಹತ್ತಿದ್ದೆ. ನೋಡಿದ್ರ ಹುಳ ಇಲ್ಲ, ಹುಪ್ಪಡಿ ಇಲ್ಲ. ಭಾಳ ಬಾತಿತ್ತು. ಅದಿರಲಿ, ನೀ ಛಲೋ ಅದೀಯಲ್ಲ?”

ಯಾವತ್ತು ಎಂದು ವೈನಿ ಕೇಳಿದಳು.

“ಹೋದ ಶುಕ್ರವಾರ ಅಲ್ಲ, ಅದರ ಹಿಂದಿನ ಶುಕ್ರವಾರ. ಮಧ್ಯಾಹ್ನ.”

ನಾನು ಕಚ್ಚಿದ್ದೂ ಅವತ್ತೇ. ವೈನಿ ನೆಲ ನೋಡಿದಳು. ನಾನು ಬೈದದ್ದನ್ನು, ಕಚ್ಚಿದ್ದನ್ನು ಆಕೆ ಅಣ್ಣನಿಗೆ ಅವತ್ತೂ ಹೇಳಲಿಲ್ಲ, ತಾನು ಸಾಯುವತನಕವೂ ಹೇಳಲಿಲ್ಲ. ಅಣ್ಣ ಅದೇ ಕೈಯನ್ನು ನನ್ನ ಬೆನ್ನಿಗೆ ಕೊಟ್ಟು ಮೆಲ್ಲಗೆ ನಡೆಸಿಕೊಂಡು ಹೊರಟ.

ಈಗ ಅಣ್ಣನೂ ಇಲ್ಲ. ಹೊಲದಲ್ಲಿ ಹುಳ ಕಡಿಯುವುದು ಹೊಸದಲ್ಲ ಎಂದುಕೊಳ್ಳುತ್ತೇನೆ. ಬಾತ ಮಿದುಳು ಏನನ್ನಾದರೂ ಆಡಿಸುತ್ತದೆ ಎಂದೂ ಅಂದುಕೊಳ್ಳುತ್ತೇನೆ. ಆದರೆ ‘ಸಾಯಲಿ’ ಎಂಬ ಆ ಮಾತು ನನ್ನೊಳಗೆ ಅಷ್ಟು ವರ್ಷ ಎಲ್ಲಿತ್ತು?